ಸ್ಪಷ್ಟನೆ: ಯೂಕರಿಸ್ಟ್ ಆಲ್ಬಂ ನಕಲು ಅಲ್ಲ

ಸ್ವೀಡನ್ನಿನ ಮೆಟಲ್ ಸಂಗೀತ ತಂಡ ಯೂಕರಿಸ್ಟ್‌ನ ‘ಎ ವೆಲ್ವೆಟ್ ಕ್ರಿಯೇಷನ್’, ಅಟ್ ದಿ ಗೇಟ್ಸ್ ತಂಡದ ‘ಸ್ಲಾಟರ್ ಆಫ್ ದಿ ಸೋಲ್’ ಆಲ್ಬಮ್ಮಿನ ನಕಲು, ಎರಡರಲ್ಲೂ ಡ್ರಮ್ಸ್ ಏಡ್ರಿಯನ್ ಎರ್ಲಾಂಡ್ಸನ್ ಅವರದೇ ಎಂಬ ಸಂದೇಶ ಬೆಂಗಳೂರಿನ ಮೆಟಲ್ ಕೇಳುಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಯೂಕರಿಸ್ಟ್ ಆಲ್ಬಂ ಬಂದದ್ದು 1993ರಲ್ಲಿ; ‘ಸ್ಲಾಟರ್’ 1995ರಲ್ಲಿ. ಇದೇ ಬಗೆಯ ಸಂಗೀತದ ಇನ್ನೊಂದು ಸ್ವೀಡಿಷ್ ತಂಡ ಇನ್ ಫ್ಲೇಮ್ಸ್‌ನ ‘ದಿ ಜೆಸ್ಟರ್ ರೇಸ್’ ಇನ್ನೂ ತಡ, 1996. ಮೊದಲು ಬಂದದ್ದು ಆಮೇಲಿನದರ ನಕಲು ಹೇಗಾದೀತು? ಯೂಕರಿಸ್ಟ್ ಆಲ್ಬಮ್ಮಿನಲ್ಲಿ ಡ್ರಮ್ಸ್ ನುಡಿಸಿದವರು ಅಟ್ ದಿ ಗೇಟ್ಸ್‌ನ ಏಡ್ರಿಯನ್ ಅವರ ತಮ್ಮ ಡೇನಿಯಲ್, ಮುಂದೆ ಆರ್ಚ್ ಎನಿಮಿ ತಂಡ ಸೇರಿದವರು. ಒಂದೇ ಮನೆಹೆಸರು, ಗೊಂದಲ ಸಹಜ.

ಗಿಟಾರುಗಳು ಒಂದನ್ನೊಂದು ಹೆಣೆದುಕೊಂಡು ಸಾಗುವ ಯೂಕರಿಸ್ಟ್ ಆಲ್ಬಮ್ಮಿನ ವಿಷಾದ, ನನ್ನ ಮಟ್ಟಿಗೆ, ಹೆಸರಾಂತ ಆ ಎರಡು ಆಲ್ಬಮ್ಮುಗಳದ್ದಕ್ಕಿಂತಲೂ ಆಳವಾದದ್ದು. ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಕಳಿಸಿ.