ಅಟ್ಟ ಹತ್ತಿ ಕೆಟ್ಟೆ

ಹಳೇ ಕಸ ಎಸೆಯೋಣ ಅಂತ ಬೆಳಗ್ಗೆ 9ಕ್ಕೆ ಅಟ್ಟ ಹತ್ತಿದೆ, ಸಂಜೆ 6ಕ್ಕೆ ಇಳಿದೆ. ಇಷ್ಟು ಹೊತ್ತಿಗೆ ಮನೆಯಿಂದ ಹೊರಗೆ ಹೋದದ್ದು ಏನು? ಒಂದು ಮುರಿದ ಕೊಡೆ. ಅದನ್ನೂ ಅಪ್ಪ ರಿಪೇರಿ ಮಾಡಿಸೋಣ ಅಂತ ವಾಪಸ್ ತಂದಿಟ್ಟರು!

ನಮ್ಮ ಅಟ್ಟದಲ್ಲಿ ಕಸ ಅನ್ನುವುದೇ ಇಲ್ಲ, ಇರುವುದೆಲ್ಲ ನೆನಪು. ಬೀಗ ಇಲ್ಲದ ಕೀಲಿಕೈ ಗೊಂಚಲು, ಕೀಲಿಕೈ ಇಲ್ಲದ ಟ್ರಂಕು, ಮುಳ್ಳಿಲ್ಲದ ಗಡಿಯಾರ, ಒಂದೇ ಕಡ್ಡಿಯ ಕನ್ನಡಕ (ಅಜ್ಜನದಂತೆ, ಮುಟ್ಟಬಾರದಂತೆ). ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ಟಿನಲ್ಲಿ ಅಕ್ಕನ ಮದುವೆ ಇದೆ, ಹಾಕಿ ನೋಡೋಕೆ ಮೆಷಿನ್ ಎಲ್ಲಿದೆ? ಹಳೇ ಕಂಪ್ಯೂಟರಿನ ಫ್ಲಾಪಿ ಡಿಸ್ಕ್ ಬೇರೆ, 1.44 ಎಂಬಿ, ಈಗಿನ ಫೋನಿನ ಒಂದು ಫೋಟೊ ಹಿಡಿಯುವುದೂ ಕಷ್ಟ, ಆದರೂ "ಏನಾದ್ರೂ ಮುಖ್ಯವಾದದ್ದು ಇದ್ರೆ?" ಅಂತೆ. ಇಷ್ಟು ವರ್ಷ ಯಾರಿಗೂ ನೆನಪಾಗದ ಮುಖ್ಯ ಅದೆಂಥದ್ದು ಸ್ವಾಮಿ?

ಆಲ್ಬಮ್ಮಿನ ಕಥೆ ಕೇಳಲೇಬೇಡಿ. ಅಂಟು ಪುಟಕ್ಕೆ ಕಚ್ಚಿಕೊಂಡ ಫೋಟೊ, ಎಳೆದರೆ ಅತ್ತೆಯ ಅರ್ಧ ಮುಖ ಮಾತ್ರ ಕೈಗೆ ಬರುತ್ತದೆ. ಉಳಿದವರು ಯಾರು ಅಂತ ಹಿಂದೆ ಬರೆದಿದ್ದಾರಾ? ಬರೆದಿದ್ದಾರೆ: "ನಾವೆಲ್ಲರೂ". ಆಹಾ!

ಈಗ ಅಟ್ಟದಲ್ಲಿದ್ದದ್ದೆಲ್ಲ ಹಾಲ್‌ನಲ್ಲಿದೆ. ಅಮ್ಮ ನನ್ನ ಮೂರನೇ ಕ್ಲಾಸಿನ ಅಂಕಪಟ್ಟಿ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಪ್ರೀತಿಗೋ, ಗಣಿತದ ಅಂಕಕ್ಕೋ ಗೊತ್ತಿಲ್ಲ. ನಾನು ಧೂಳಿಗೆ ಸೀನುತ್ತಾ ಕೂತಿದ್ದೇನೆ.