ಜೇಡಕ್ಕೆ ಎಂಟು ಕಾಲು ಕಣ್ರೀ, ಎಣಿಸಿ ಮಾಡಿ!

ಹನ್ನೆರಡು ಪ್ಲಾಸ್ಟಿಕ್ ಆಟಿಕೆ ಹುಳ ತುಂಬಿದ ಒಂದು ಚೀಲ. ಮೇಲೆ ದಪ್ಪಕ್ಷರದಲ್ಲಿ ‘ರಿಯಲಿಸ್ಟಿಕ್’, ಅದರ ಕೆಳಗೆ ‘ಎಜುಕೇಷನಲ್’. ಒಳಗಿರೋ ಜೇಡಕ್ಕೆ ಆರು ಕಾಲು, ಇರುವೆಗೆ ಎಂಟು! ಇದನ್ನ ಮಕ್ಕಳ ಕೈಗಿಟ್ಟು ಏನು ಕಲಿಸಬೇಕು? ಗೋಡೆ ಮೂಲೆಯಲ್ಲಿರೋ ಜೇಡ ನೋಡಿದರೂ ಸಾಕಿತ್ತು, ಅಷ್ಟೂ ಮಾಡಿಲ್ಲ.

ಲೆಕ್ಕ ಸರಿ ಇದ್ದರೆ ಜಾಗ ತಪ್ಪು. ಕೀಟದ ಆರೂ ಕಾಲು ಹುಟ್ಟೋದು ಎದೆಯಿಂದ, ಹೊಟ್ಟೆಯಿಂದ ಒಂದೂ ಇಲ್ಲ. ಆರೇ ಕಾಲಿರೋ ಪ್ಲಾಸ್ಟಿಕ್ ಇರುವೆಯನ್ನ ಅಂಗಾತ ಮಲಗಿಸಿ ನೋಡಿ: ಮುಂದಿನ ಜೊತೆ ಕತ್ತಿನ ಹತ್ತಿರ, ನಡುವಿನದು ಸೊಂಟದಲ್ಲಿ, ಹಿಂದಿನದು ಹೊಟ್ಟೆಯಲ್ಲಿ. ಎರಡು ಹೋಳಿನ ಅಚ್ಚಿನಲ್ಲಿ ಕಾಲುಗಳೆಲ್ಲ ಹೋಳು ಕೂಡುವ ಗೆರೆಯ ಮೇಲೇ ಬಂದರೆ ಕೆಲಸ ಸಲೀಸು. ಇರುವೆಯ ಎದೆ ಸಣ್ಣದು. ಆರು ಕಾಲನ್ನೂ ಅಲ್ಲೇ ಒತ್ತಾಗಿ ಕೂರಿಸೋಕೆ ಅಚ್ಚನ್ನ ನಾಜೂಕಾಗಿ ಕೊರೀಬೇಕು. ಅದರ ಬದಲು ಮೈಯುದ್ದಕ್ಕೂ ಹಂಚಿಬಿಡ್ತಾರೆ. ಕೈ ಸವರಿದರೆ ಪಕ್ಕದಲ್ಲಿ ತೆಳ್ಳಗೆ ಪೊರೆಯಂಥ ಅಂಚು ಸಿಗುತ್ತಲ್ಲ, ಅದೂ ಆ ಗೆರೆಯದೇ. ಬ್ಲೇಡಿನಲ್ಲಿ ಕೆರೆದರೆ ಹೋಗುತ್ತೆ. ಕಾಲು ಹೊಟ್ಟೆಯಲ್ಲಿದ್ದರೆ ಏನು ಕೆರೆದು ಏನು ಪ್ರಯೋಜನ?

ದುಂಬಿಯನ್ನ ಮಾತ್ರ ಮೇಲಿಂದ ನೋಡಿ ಬೈಬೇಡಿ. ಗಟ್ಟಿ ರೆಕ್ಕೆ ಎದೆಯ ಹಿಂಭಾಗವನ್ನೂ ಮುಚ್ಚಿರುತ್ತೆ, ಹಾಗಾಗಿ ಕೊನೇ ಜೊತೆ ಹೊಟ್ಟೆಯಿಂದಲೇ ಬಂದ ಹಾಗೆ ಕಾಣುತ್ತೆ. ತಿರುಗಿಸಿ ನೋಡಿಯೇ ತೀರ್ಮಾನ ಮಾಡಬೇಕು.

ಜರಿಯದಂತೂ ಅನ್ಯಾಯ. ಜರಿಗೆ ಮೈಯ ಖಂಡಕ್ಕೊಂದು ಜೊತೆ ಕಾಲು. ನಮ್ಮ ಕಡೆ ಕಲ್ಲಿನಡಿ ಸಿಗುವ ದೊಡ್ಡ ಜರಿಗೆ ಸಾಮಾನ್ಯವಾಗಿ 21 ಜೊತೆ, ಕೊನೇ ಜೊತೆ ಉದ್ದವಾಗಿ ಹಿಂದಕ್ಕೆ ಚಾಚಿರುತ್ತೆ. ಒನಕೆಬಂಡಿಗೆ, ಅದೇ ಕರಾವಳಿಯವರು ಚೋರಟೆ ಅಂತಾರಲ್ಲ, ಹೆಚ್ಚಿನ ಖಂಡಗಳಲ್ಲಿ ಎರಡೆರಡು ಜೊತೆ. ಈ ಚೀಲಗಳಲ್ಲಿ ಎರಡಕ್ಕೂ ಒಂದೇ ಅಚ್ಚು: ಕೆಂಪು ಬಳಿದರೆ ಜರಿ, ಕಪ್ಪು ಬಳಿದರೆ ಒನಕೆಬಂಡಿ. ಜೇನಿಗೆ ನಾಲ್ಕು ರೆಕ್ಕೆ, ಮನೆ ನೊಣಕ್ಕೆ ಎರಡೇ. ಅದನ್ನೂ ಅದಲುಬದಲು ಮಾಡಿರ್ತಾರೆ.

ಕಡಿಮೆ ಬೆಲೆಗೆ ಇಷ್ಟೇ ಆಗೋದು ಅನ್ನೋ ಮಾತು ಬೇಡ. ಜಪಾನಿನ ಆಟಿಕೆ ಕಂಪನಿ ಬಂಡಾಯ್ 2018ರಲ್ಲಿ ಕ್ಯಾಪ್ಸೂಲ್ ಯಂತ್ರಕ್ಕೆ (ನಾಣ್ಯ ಹಾಕಿದರೆ ಉಂಡೆ ಡಬ್ಬಿಯಲ್ಲಿ ಆಟಿಕೆ ಬೀಳುತ್ತಲ್ಲ, ಅದು) ಅಂತ ಪಿಲ್‌ಬಗ್, ಅಂದರೆ ಮುಟ್ಟಿದರೆ ಉಂಡೆಯಾಗೋ ಪುಟ್ಟ ಹುಳದ ಆಟಿಕೆ, ಬಿಟ್ಟಿತು. ಆಗ ಬೆಲೆ 500 ಯೆನ್. ನಿಜವಾದ ಹುಳದ ಹಾಗೇ ಚಿಪ್ಪು ಚಿಪ್ಪಾಗಿ ಮಡಚಿಕೊಂಡು ಉಂಡೆಯಾಗುತ್ತೆ. ಹುಳ ನೋಡಿ ಮಾಡಿದ್ದಾರೆ, ಅಷ್ಟೇ ವ್ಯತ್ಯಾಸ. ನಮ್ಮಲ್ಲಿ 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಅದು ನೋಡೋದು ಸುರಕ್ಷತೆಯನ್ನ. ಕಾಲು ಎಣಿಸೋದು ಅದರ ಕೆಲಸ ಅಲ್ಲ.

ಆನ್‌ಲೈನ್ ಮಾರೋರು ಇನ್ನೂ ಒಂದು ಕೈ ಮೇಲೆ. ಅಳತೆ ಕೇಳಿದರೆ ‘ಮೀಡಿಯಂ’! ಫೋಟೋದಲ್ಲಿ ಅಂಗೈ ತುಂಬಿರೋ ಚೇಳು ಬಂದಾಗ ಹೆಬ್ಬೆರಳಿನಷ್ಟಿರುತ್ತೆ. ಬಾಲ ಸೇರಿಸಿ ಅಳೆದರಾ, ಮೈ ಮಾತ್ರವಾ ಅಂತ ಹೇಳೋದಿಲ್ಲ. ಅಡಿಭಾಗದ ಫೋಟೋ ಕಳಿಸಿ ಅಂದರೆ ಉತ್ತರವೇ ಇಲ್ಲ. ಅದಿಲ್ಲದೆ ದುಡ್ಡು ಕಳಿಸಲೇಬೇಡಿ.

ಎಲ್ಲಕ್ಕಿಂತ ಹೊಟ್ಟೆ ಉರಿಸೋದು ‘ಡಿಸ್‌ಪ್ಲೇ ಬಾಕ್ಸ್ ಉಚಿತ’. ಮೆತ್ತನೆ ಹುಳಗಳು ಹೆಚ್ಚಾಗಿ ಪಿವಿಸಿ ಪ್ಲಾಸ್ಟಿಕ್. ಅದನ್ನ ಮೆದು ಮಾಡೋಕೆ ಬೆರೆಸಿದ ಎಣ್ಣೆಯಂಥ ಪ್ಲಾಸ್ಟಿಸೈಜರ್ ನಿಧಾನಕ್ಕೆ ಹೊರಗೆ ಒಸರುತ್ತೆ. ಕೊಡೋ ಡಬ್ಬಿಯೋ, ಗಾಜಿನ ಹಾಗಿರೋ ಪಾಲಿಸ್ಟೈರೀನ್ ಪ್ಲಾಸ್ಟಿಕ್. ತಿಂಗಳುಗಟ್ಟಲೆ ಮುಚ್ಚಿಟ್ಟರೆ ಕಾಲು ತಗುಲಿದ ಕಡೆ ಡಬ್ಬಿ ಕರಗಿ ಅಂಟಿಕೊಂಡಿರುತ್ತೆ, ಎತ್ತಿದರೆ ಕಾಲೇ ಕಿತ್ತುಬರುತ್ತೆ. ಅಡುಗೆಮನೆಯ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ, ಮಧ್ಯೆ ಕಾಗದ ಹಾಕಿ, ಬಿಸಿಲು ತಾಗದ ಕಡೆ ಇಡಿ. ಜಿಗುಟಾಗಿದ್ದರೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ನೆರಳಲ್ಲಿ ಒಣಗಿಸಿ. ಥಿನ್ನರ್ ಮುಟ್ಟಿಸಬೇಡಿ, ಬಣ್ಣ ಎದ್ದುಬರುತ್ತೆ. ಒತ್ತಿ ಪ್ಯಾಕ್ ಮಾಡಿ ಸೊಟ್ಟಗಾದ ಕಾಲನ್ನ ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ, ನೆಟ್ಟಗೆ ಹಿಡಿದು, ಹಾಗೇ ತಣ್ಣೀರಿಗೆ ಹಾಕಿ.

ಇದನ್ನೆಲ್ಲ ಕೊಂಡವರೇ ತಿಳ್ಕೊಂಡು ಮಾಡಬೇಕು. ಮಾಡೋರು, ಮಾರೋರು ಮಾಡಬೇಕಾದ್ದು ಇಷ್ಟೇ: ಚೀಲದ ಹಿಂಬದಿ ಖಾಲಿ ಬಿದ್ದಿದೆ, ಅಲ್ಲಿ ಹುಳದ ಹೆಸರು, ಮೈಯುದ್ದ ಎಷ್ಟು ಮಿಲಿಮೀಟರ್, ಯಾವ ಪ್ಲಾಸ್ಟಿಕ್, ಅಡಿಭಾಗದ ಒಂದು ಫೋಟೋ ಹಾಕಿ. ಅದು ಹಾಕೋವರೆಗೆ ಮುಂಭಾಗದ ಆ ‘ರಿಯಲಿಸ್ಟಿಕ್’ ಅನ್ನೋ ಪದ ತೆಗೀರಿ.