ಆ ಕಾಲು ಸ್ಟಾರ್ ಎಲ್ಲಿ ಹೋಯಿತು?

ಭಾನುವಾರದಿಂದ ತಲೆ ಕೆಟ್ಟಿದೆ. ಕಾರಣ ಹೇಳಿದರೆ ನಗುತ್ತೀರಿ. ನಗಿ, ಪರವಾಗಿಲ್ಲ, ನನ್ನ ಹಳೇ ರೆಸ್ಲಿಂಗ್ ಹುಚ್ಚು ನಿಮಗೇನು ಹೊಸದಲ್ಲ.

ಅಕ್ಕನ ಮಗ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಮೂರನೇ ವರ್ಷ. ಅವನಿಗೂ ಈ ಹುಚ್ಚು ಹಿಡಿದಿದೆ ಅಂತ ಗೊತ್ತಾದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ನಮ್ಮ ಮನೆಯಲ್ಲಿ ಈ ಕಾಯಿಲೆ ನನ್ನೊಬ್ಬನಿಗೇ ಅಂದುಕೊಂಡಿದ್ದೆ. ಕಾಫಿ ಕುಡಿದು, ಬಾ ನಿನಗೊಂದು ತೋರಿಸ್ತೀನಿ ಅಂತ, WWF (ಈಗಿನ WWE) ಕಂಪನಿಯ ವರ್ಷದ ದೊಡ್ಡ ಜಾತ್ರೆ, 1994ರ ರೆಸಲ್‌ಮೇನಿಯಾ 10ರ ಮೊದಲ ಮ್ಯಾಚ್ ಹಾಕಿದೆ. ಬ್ರೆಟ್ ಹಾರ್ಟ್, ಓವನ್ ಹಾರ್ಟ್. ಅಣ್ಣ ತಮ್ಮ. 20 ನಿಮಿಷದ ಮ್ಯಾಚ್. ಅಷ್ಟರಲ್ಲಿ ಒಂದು ಫೋನ್ ಬಂತು, ಬಾಲ್ಕನಿಗೆ ಹೋಗಿ ಮಾತಾಡಿ ಬಂದೆ. ಐದು ನಿಮಿಷ ಆಗಿರಬಹುದು. ಬರುವಷ್ಟರಲ್ಲಿ ಓವನ್ ಗೆದ್ದು ಕೈ ಎತ್ತುತ್ತಿದ್ದ.

"ಇಷ್ಟು ಬೇಗ ಮುಗೀತೇನೋ?"

"ನೋಡ್ದೆ ಮಾಮ. ಮಧ್ಯೆ ಸುಮ್ನೆ ಕಾಲು ಹಿಡ್ಕೊಂಡು ಬಿದ್ದಿರ್ತಾರೆ, ಅದನ್ನ ಓಡಿಸಿದೆ. ಐದಕ್ಕೆ ಮೂರು ಸ್ಟಾರ್ ಕೊಡಬಹುದು."

ಕಾಲು ಹಿಡ್ಕೊಂಡು ಬಿದ್ದಿರ್ತಾರಂತೆ! ಅದನ್ನ ಓಡಿಸಿದನಂತೆ! ಆಮೇಲೆ ಮಾರ್ಕ್ಸ್ ಬೇರೆ.

ಅಲ್ಲಪ್ಪಾ, ಆ ಮ್ಯಾಚ್ ಇರುವುದೇ ಆ ಕಾಲಿನಲ್ಲಿ. ಶುರುವಿನಲ್ಲಿ ನೋಡಿ, ಬ್ರೆಟ್‌ಗೆ ತಮ್ಮನನ್ನು ಹೊಡೆಯುವುದಕ್ಕೇ ಇಷ್ಟ ಇಲ್ಲ. ಓವನ್ ಒಂದು ಸಣ್ಣ ಪಟ್ಟಿನಿಂದ ಬಿಡಿಸಿಕೊಂಡರೂ ಸಾಕು, ವಿಶ್ವಕಪ್ ಗೆದ್ದವನ ಹಾಗೆ ಎರಡೂ ಕೈ ಮೇಲೆತ್ತುತ್ತಾನೆ. ಅದು ಪ್ರತಿ ಮನೆಯ ಎರಡನೇ ಮಗನ ಕಷ್ಟ. (ನಾನು ಮನೆಗೆ ಕಿರಿಯವನು. ಅಕ್ಕನನ್ನು ಒಂದು ಸಲ ಕೇರಂನಲ್ಲಿ ಸೋಲಿಸಿದ್ದನ್ನು ಇವತ್ತಿಗೂ ಹೇಳಿಕೊಂಡು ತಿರುಗುತ್ತೇನೆ.) ಆಮೇಲೆ ಓವನ್ ಅಣ್ಣನ ಕೆನ್ನೆಗೆ ಬಾರಿಸುತ್ತಾನೆ. ಅಣ್ಣನಿಗೆ ನಿಧಾನಕ್ಕೆ ಸಿಟ್ಟು ಏರುತ್ತದೆ. ಕೊನೆಗೆ ಬ್ರೆಟ್ ಹಗ್ಗದ ಮೇಲಿಂದ ಹೊರಗೆ ಹಾರುತ್ತಾನೆ, ಇಳಿಯುವಾಗ ಮೊಣಕಾಲು ಉಳುಕುತ್ತದೆ. ಓವನ್ ಅದನ್ನು ನೋಡುತ್ತಾನೆ. ಅವನ ಮುಖ ನೋಡಬೇಕು ಆಗ. ಹಸಿದವನಿಗೆ ಎಲೆ ಹಾಕಿದ ಹಾಗೆ. ಅಲ್ಲಿಂದ ಮುಂದೆ ಒಂದೇ ಕೆಲಸ, ಆ ಮೊಣಕಾಲು. ಒದೆಯುತ್ತಾನೆ, ತಿರುಚುತ್ತಾನೆ, ಫಿಗರ್ ಫೋರ್ ಅನ್ನುವ ಕಾಲು ಹೆಣೆಯುವ ಪಟ್ಟು ಹಾಕುತ್ತಾನೆ, ಕೊನೆಗೆ ಅಣ್ಣನದೇ ಪಟ್ಟು ಶಾರ್ಪ್‌ಶೂಟರನ್ನು ಅಣ್ಣನಿಗೇ ಹಾಕುತ್ತಾನೆ. ಬ್ರೆಟ್ ಅದರಿಂದ ಬಿಡಿಸಿಕೊಳ್ಳುತ್ತಾನೆ, ಗೆದ್ದೇಬಿಟ್ಟ ಅನ್ನುವಾಗ ಓವನ್ನನ ಹೆಗಲ ಮೇಲೆ ಹತ್ತಿ ಅವನನ್ನು ಉರುಳಿಸೋಕೆ ಹೋಗುತ್ತಾನೆ. ಓವನ್ ಹಾಗೇ ಕುಕ್ಕರಿಸುತ್ತಾನೆ. ಒಂದು, ಎರಡು, ಮೂರು. ಕುರ್ಚಿ ಇಲ್ಲ, ಮೋಸ ಇಲ್ಲ. ತಮ್ಮ ಅಣ್ಣನನ್ನು ಸುಮ್ಮನೆ ಸೋಲಿಸಿಬಿಟ್ಟ.

ಇದರಲ್ಲಿ ಮಧ್ಯದ ಕಾಲು ತೆಗೆದರೆ ಉಳಿಯುವುದು ಏನು? ಸಾರು ಸೋಸಿ ಬಿಸಾಡಿ ಬೇಳೆ ಇಟ್ಟುಕೊಂಡ ಹಾಗೆ.

ಇಷ್ಟೆಲ್ಲ ಹೇಳಿದ್ದಕ್ಕೆ ಅವನು ಫೋನ್ ತೆಗೆದ. "ಮೆಲ್ಟ್ಜರ್ ನಾಲ್ಕೂಮುಕ್ಕಾಲು ಕೊಟ್ಟಿದಾನಂತೆ ಮಾಮ. ನೀನು ಹೇಳಿದಷ್ಟೇನೂ ಇಲ್ಲ ಬಿಡು. ಅವತ್ತೇ ನಡೆದ ಲ್ಯಾಡರ್ ಮ್ಯಾಚ್‌ಗೆ ಐದು."

ಡೇವ್ ಮೆಲ್ಟ್ಜರ್ ಅಂದರೆ ಯಾರು ಅಂತ ಗೊತ್ತಿಲ್ಲದವರಿಗೆ: ರೆಸ್ಲಿಂಗ್ ಅಬ್ಸರ್ವರ್ ಅನ್ನುವ ಪತ್ರಿಕೆಯ ಅಮೆರಿಕದ ಪುಣ್ಯಾತ್ಮ, 1980ರ ದಶಕದಿಂದ ಮ್ಯಾಚ್‌ಗಳಿಗೆ ಸ್ಟಾರ್ ಹಂಚುತ್ತಾ ಬಂದವನು. ಸ್ಟಾರ್ ಪದ್ಧತಿ ಅವನು ಹುಟ್ಟುಹಾಕಿದ್ದಲ್ಲ, ಜಿಮ್ ಕಾರ್ನೆಟ್ ಮತ್ತು ಅವನ ಗೆಳೆಯ ನಾರ್ಮ್ ಡೂಲಿ ಶುರುಮಾಡಿದ್ದು. ಇವನು ಅದನ್ನು ಜಗತ್ತಿಗೆ ಅಂಟಿಸಿದ. ನನಗೆ ಅವನ ಮೇಲೆ ಕೋಪ ಇಲ್ಲ. ಆತ ಪೂರ್ತಿ ನೋಡಿ ಕೊಡುತ್ತಾನೆ, ಒಪ್ಪುತ್ತೇನೆ. ಆದರೆ ನಾಲ್ಕೂಮುಕ್ಕಾಲು ಯಾಕೆ? ಆ ಕಾಲು ಎಲ್ಲಿ ಹೋಯ್ತು? ಓವನ್ ಮುರಿದ ಕಾಲೇ ಇರಬೇಕು.

ನನ್ನ ಸಿಟ್ಟು ಇರುವುದು ಆ ನಂಬರನ್ನು ಎತ್ತಿಕೊಂಡು ಓಡಾಡುವವರ ಮೇಲೆ. ರೆಸ್ಲಿಂಗ್ ಟ್ರಂಪ್ ಕಾರ್ಡ್ಸ್ ನೆನಪಿದೆಯಾ? ಎತ್ತರ, ತೂಕ, ಎದೆ, ಬೈಸೆಪ್ಸ್, ರ್ಯಾಂಕ್. ಕ್ಲಾಸಿನ ಹಿಂದಿನ ಬೆಂಚಲ್ಲಿ ಕೂತು "ಬೈಸೆಪ್ಸ್ ಎಷ್ಟು?" ಅಂತ ಕೇಳುವುದು, ಜಾಸ್ತಿ ಇದ್ದವನು ಕಾರ್ಡ್ ಕಿತ್ತುಕೊಳ್ಳುವುದು. ಕಾರ್ಡಲ್ಲಿರೋ ಅರ್ಧ ಜನರ ಮ್ಯಾಚ್ ನಾವು ಜನ್ಮದಲ್ಲಿ ನೋಡಿರಲಿಲ್ಲ. ಕೇಬಲ್ ಇದ್ದ ಮನೆಯ ಕಿಟಕಿ ಹೊರಗೆ ನಿಂತು ನೋಡಿದ್ದಷ್ಟೇ, ಅದೂ ಕರೆಂಟ್ ಹೋಗುವ ತನಕ. ಆಗ ನಮಗೆ ಹತ್ತು ವರ್ಷ, ಅದಕ್ಕೊಂದು ಕ್ಷಮೆ ಇದೆ. ಈಗ ಪ್ರತಿ ಮ್ಯಾಚೂ ಕೈಯಲ್ಲಿದೆ, ಇವರು ಮತ್ತೆ ಕಾರ್ಡೇ ಆಡುತ್ತಿದ್ದಾರೆ. "ನಿನ್ನದು ನಾಲ್ಕೂಮುಕ್ಕಾಲು, ನಂದು ಏಳು, ಕೊಡು ಇಲ್ಲಿ."

ಹೌದು, ಏಳು. 2018ರಲ್ಲಿ ಜಪಾನಿನಲ್ಲಿ ನಡೆದ ಕೆನ್ನಿ ಒಮೆಗಾ, ಒಕಾಡಾ ಮ್ಯಾಚ್‌ಗೆ ಮೆಲ್ಟ್ಜರ್ ಏಳು ಸ್ಟಾರ್ ಕೊಟ್ಟ. ಐದಕ್ಕೆ ಏಳು! ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 875 ತಗೊಂಡ ಹಾಗೆ. ಬೈಯುವ ಮೊದಲು ಕೇಳಿ, ನಾನು ಅದನ್ನು ಪೂರ್ತಿ ನೋಡಿದ್ದೇನೆ, ಒಂದು ಗಂಟೆಗೂ ಜಾಸ್ತಿ, ಎದ್ದು ನೀರು ಕುಡಿಯಲೂ ಹೋಗದೆ. ಅದ್ಭುತವಾಗಿದೆ. ಆದರೆ ಏಳು ಅಂತ ಹೇಳುವ ಹುಡುಗರಲ್ಲಿ ಎಷ್ಟು ಜನ ಆ ಒಂದು ಗಂಟೆ ಕೂತಿದ್ದಾರೆ, ಕೇಳಿ ನೋಡಿ. ಕೊನೆಯ ಎರಡು ನಿಮಿಷದ ರೀಲ್ ನೋಡಿರುತ್ತಾರೆ.

ನಮ್ಮ ತಾತನ ವಿಷಯ ಹೇಳಲೇಬೇಕು. ಮೈಸೂರಿನಲ್ಲಿ ಗರಡಿಗೆ ಹೋಗಿ ಮಟ್ಟಿಯಲ್ಲಿ ಹೊರಳಾಡಿದವರು, ದಸರಾ ಕುಸ್ತಿ ಅಂದರೆ ಮೂರು ದಿನ ಮನೆಯಲ್ಲಿ ಇರುತ್ತಿರಲಿಲ್ಲ. ನಾನು ಟಿವಿಯಲ್ಲಿ ಇದನ್ನು ಹಾಕಿದರೆ ಮುಖ ಸಿಂಡರಿಸುತ್ತಿದ್ದರು. ಒಂದು ದಿನ ಯೊಕೊಜುನಾ, 220 ಕೆಜಿಗೂ ಮೇಲಿನ ಆಸಾಮಿ, ಯಾರೋ ನರಪೇತಲನ ಮೇಲೆ ಕೂರುತ್ತಿದ್ದ. ತಾತ ಪೇಪರ್ ಕೆಳಗಿಟ್ಟು ಕೇಳಿದರು, "ಈ ಜೋಡಿ ಕಟ್ಟಿದೋನು ಯಾವನೋ? ಅವನಿಗೆ ಕಣ್ಣಿಲ್ವಾ?" ಅವರಿಗೆ ಮೋಸ ಅನ್ನಿಸಿದ್ದು ನಾಟಕ ಅಲ್ಲ, ಜೋಡಿ. ಅದೇ ತಾತ, ಬ್ರೆಟ್ ಹಾರ್ಟ್ ಎದುರಾಳಿಯ ತೋಳು ಹಿಡಿದು ನಿಧಾನಕ್ಕೆ ನೆಲಕ್ಕೆ ತರುವಾಗ ಸುಮ್ಮನಾದರು. ಕನ್ನಡಕ ಮೇಲೆ ಮಾಡಿಕೊಂಡು ಸ್ವಲ್ಪ ಹೊತ್ತು ನೋಡಿ, "ಇವನು ಕಲ್ತಿದಾನೆ ಕಣೋ" ಅಂದರು. ಬ್ರೆಟ್, ಓವನ್ ಇಬ್ಬರೂ ಕ್ಯಾಲ್ಗರಿಯಲ್ಲಿ ಅಪ್ಪ ಸ್ಟೂ ಹಾರ್ಟ್ ಕೈಯಲ್ಲಿ, ಮನೆಯ ನೆಲಮಾಳಿಗೆಯಲ್ಲಿ ಪಳಗಿದವರು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ತಾತನಿಗೆ ಒಂದು ತೋಳು ನೋಡಿದ್ದೇ ಸಾಕಾಯ್ತು. ಅವರು ಸ್ಟಾರ್ ಕೊಡಲಿಲ್ಲ. ಪೇಪರ್ ಮತ್ತೆ ಎತ್ತಿಕೊಳ್ಳಲಿಲ್ಲ, ಅಷ್ಟೇ.

ಈಗ ಕಾಮೆಂಟಲ್ಲಿ ಒಬ್ಬರು ಬರ್ತಾರೆ, ಪ್ರತಿ ಸಲ ಬರ್ತಾರೆ: "ಅಯ್ಯೋ ಅದೆಲ್ಲ ಫೇಕು, ಗೆಲ್ಲೋದು ಯಾರು ಅಂತ ಮೊದಲೇ ಬರೆದಿರ್ತಾರೆ." ದೊಡ್ಡ ಸಂಶೋಧನೆ, ಶಾಲು ಹೊದಿಸಬೇಕು. ಮಂಡ್ಯ ಕಡೆ ಊರ ಹಬ್ಬಕ್ಕೆ ಕುರುಕ್ಷೇತ್ರ ನಾಟಕ ಆಡ್ತಾರಲ್ಲ, ರಾತ್ರಿ ಹಾರ್ಮೋನಿಯಂ ಶುರುವಾದರೆ ದುರ್ಯೋಧನ ಬೀಳುವಷ್ಟರಲ್ಲಿ ಕೋಳಿ ಕೂಗಿರುತ್ತದೆ. ಅವನು ಬೀಳ್ತಾನೆ ಅಂತ ಯಾರಿಗೆ ಗೊತ್ತಿಲ್ಲ? ಆದರೂ ಒನ್ಸ್ ಮೋರ್ ಅಂತ ಕೂಗಿ, ಎದೆಗೆ ನೋಟು ಪಿನ್ ಹಾಕಿ ಬರ್ತಾರೆ. ಅದೇ ಸ್ಟಾರ್. ಅಲ್ಲೂ ಕೊನೆಗೆ ಏಟು ಬೀಳುವುದು ಕಾಲಿಗೇ ನೋಡಿ. ಆದರೆ ನೇರ ತೊಡೆಗೆ ಓಡಿಸಿ ನೋಡಿದವನು ನಾಟಕ ಚೆನ್ನಾಗಿಲ್ಲ ಅಂದರೆ ಊರವರು ಸುಮ್ನೆ ಬಿಡ್ತಾರಾ?

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. 1987ರ ಹಲ್ಕ್ ಹೋಗನ್, ಆಂದ್ರೆ ದಿ ಜೈಂಟ್ ಮ್ಯಾಚ್ ಕುಸ್ತಿಯಾಗಿ ನೋಡಿದರೆ ಕಷ್ಟ. ಪಾಪ ಆಂದ್ರೆಗೆ ಬೆನ್ನು ಕೆಟ್ಟು ನಡೆಯುವುದಕ್ಕೇ ಆಗುತ್ತಿರಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ಇಬ್ಬರೂ ಮತ್ತೆ ಟಿವಿಯಲ್ಲಿ ಆಡಿದ್ದನ್ನು ಅಮೆರಿಕದಲ್ಲಿ 3 ಕೋಟಿ 30 ಲಕ್ಷ ಜನ ನೋಡಿದರು. ಹೋಗನ್ ಹೆಗಲು ಎತ್ತಿದರೂ ರೆಫ್ರಿ ಮೂರು ಎಣಿಸಿಬಿಟ್ಟ, ನೋಡಿದರೆ ಅದೇ ಮುಖದ ಇನ್ನೊಬ್ಬ ರೆಫ್ರಿ ಓಡಿ ಬಂದ. ಅವಳಿ ಜವಳಿ, ನಿಜವಾಗಿಯೂ, ಹೆಬ್ನರ್ ಸಹೋದರರು. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಕುಸ್ತಿಗೆ ಒಂದು, ಮೋಸಕ್ಕೆ ಐದು ಅಂತ ಬರೆದಿದ್ದೇನೆ. ಕೆಟ್ಟದ್ದನ್ನು ಕೆಟ್ಟದ್ದು ಅನ್ನುವುದಕ್ಕೂ ಪೂರ್ತಿ ಕೂರಬೇಕು, ಅಲ್ವಾ? ಅಷ್ಟೇ ನನ್ನ ತಕರಾರು.

ಸಂಜೆ ಹುಡುಗ ಮತ್ತೆ ಟಿವಿ ಹಾಕಿದ್ದ. ನಾನು ಮಾತಾಡಿಸಲಿಲ್ಲ, ಮುನಿಸು ಇನ್ನೂ ಇತ್ತು. ಅದೇ ರೆಸಲ್‌ಮೇನಿಯಾ 10ರ ಕೊನೆಯ ಮ್ಯಾಚ್, ಬ್ರೆಟ್ ಮತ್ತು ಯೊಕೊಜುನಾ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ: "ಮಾಮ, ಇವನ್ಯಾಕೆ ಕುಂಟ್ತಾ ಇದಾನೆ?"

ಮೊದಲ ಮ್ಯಾಚ್‌ನ ಕಾಲು ಕಣೋ! ಮಧ್ಯೆ ಗಂಟೆಗಟ್ಟಲೆ ಬೇರೆ ಮ್ಯಾಚ್‌ಗಳು ನಡೆದಿವೆ, ಆ ಪುಣ್ಯಾತ್ಮ ಮರೆತಿಲ್ಲ. ಕೊನೆಗೆ ಬ್ರೆಟ್ ಗೆದ್ದು, ಬೆಲ್ಟ್ ಹಿಡಿದು, ಎಲ್ಲರೂ ಅವನನ್ನು ಹೆಗಲ ಮೇಲೆ ಎತ್ತಿಕೊಂಡಿರುವಾಗ ಓವನ್ ದೂರದಲ್ಲಿ ಬಂದು ನಿಂತು ನೋಡುತ್ತಾನೆ. ಮಾತಿಲ್ಲ. ಮೊದಲ ಮ್ಯಾಚಲ್ಲಿ ಅಣ್ಣನನ್ನು ಸೋಲಿಸಿದರೂ ಕೊನೆಗೆ ಹೆಗಲ ಮೇಲೆ ಇರೋದು ಅಣ್ಣನೇ ಅನ್ನುವ ಮುಖ. ಐದು ವರ್ಷದ ಮೇಲೆ, 1999ರ ಮೇ ತಿಂಗಳಲ್ಲಿ, ಕ್ಯಾನ್ಸಸ್ ಸಿಟಿಯಲ್ಲಿ ಛಾವಣಿಯಿಂದ ಹಗ್ಗದಲ್ಲಿ ಇಳಿಸುವಾಗ ಬಿದ್ದು ಓವನ್ ಸತ್ತುಹೋದ. 34 ವರ್ಷ. ಈ ಮ್ಯಾಚನ್ನು ನನಗೆ ಸರಿಯಾಗಿ ಅಳೆಯಲು ಆಗದೆ ಇರುವುದಕ್ಕೆ ಅದೂ ಕಾರಣ ಇರಬಹುದು, ಗೊತ್ತು.

ಇದನ್ನೆಲ್ಲ ಹುಡುಗನಿಗೆ ಹೇಳಲಿಲ್ಲ. "ಮೊದಲನೇ ಮ್ಯಾಚ್ ನೋಡಿದ್ಯಲ್ಲ, ನಿನಗೇ ಗೊತ್ತಿರಬೇಕು" ಅಂದೆ. ಸಣ್ಣತನ ಅಂತ ಹೆಂಡತಿ ಬೈದಳು. ಇರಲಿ.

ಇಷ್ಟು ಕುಯ್ದ ಮೇಲೆ ಒಂದು ಗುಟ್ಟನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ನೋಟ್‌ಬುಕ್ ನೋಡಿದ ಗೆಳೆಯ ಕಾಮೆಂಟಲ್ಲಿ ಹೇಗೂ ಹಾಕ್ತಾನೆ. 1993ರ ರೆಸಲ್‌ಮೇನಿಯಾ 9, ಅಂಡರ್‌ಟೇಕರ್ ಮತ್ತು ಜೈಂಟ್ ಗೊಂಜಾಲೆಸ್. ಮೈಗೆ ಸ್ನಾಯುಗಳ ಚಿತ್ರ ಬರೆದು ಅಲ್ಲಲ್ಲಿ ಕೂದಲು ಅಂಟಿಸಿದ ಬಟ್ಟೆ ತೊಟ್ಟಿದ್ದ ಆ ದೈತ್ಯನಿಗೆ ನಡೆಯಲೂ ಸರಿಯಾಗಿ ಬರುತ್ತಿರಲಿಲ್ಲ. ಅಂಡರ್‌ಟೇಕರ್ ರಥದಲ್ಲಿ ರಣಹದ್ದು ಕೂರಿಸಿಕೊಂಡು ಬರುತ್ತಾನೆ. ಕೊನೆಗೆ ಗೊಂಜಾಲೆಸ್ ಅವನ ಮೂಗಿಗೆ ಮತ್ತು ಬರಿಸುವ ಬಟ್ಟೆ ಒತ್ತಿ ಮಲಗಿಸುತ್ತಾನೆ. ಚರಿತ್ರೆಯ ಅತಿ ಕೆಟ್ಟ ಮ್ಯಾಚ್‌ಗಳ ಸಾಲಿಗೆ ಅದನ್ನು ಸೇರಿಸುವವರಿದ್ದಾರೆ. ಪೂರ್ತಿ ನೋಡಿದ್ದೇನೆ, ಎರಡು ಸಲ, ಅವರು ಹೇಳುವುದು ಸರಿ.

ನಾನು ಕೊಟ್ಟಿರುವುದು ಮೂರೂವರೆ. ಅರ್ಧ ಸ್ಟಾರ್ ಹದ್ದಿಗೆ.